ವನೆಸ್ಸಾ ಬೇಡಿದ ರಜೆ

ಮೂವತ್ತೆರಡು ವರ್ಷ ಕಾರ್ಕಳದ ಶಾಲೆಯಲ್ಲಿ ಪಾಠ ಹೇಳಿದವಳು ನಾನು. ಭಾನುವಾರ ಇಗರ್ಜಿಯಲ್ಲಿ ಮಕ್ಕಳಿಗೆ ಧರ್ಮಪಾಠ ಹೇಳಿದ್ದು ಬೇರೆ. ಬರ್ತಾ ಟೀಚರ್ ಬಂದರೆಂದರೆ ಈಗಲೂ ಬಸ್ಸಿನಲ್ಲಿ ಮೀಸೆ ಹೊತ್ತ ಗಂಡಸರು ಎದ್ದು ಸೀಟು ಬಿಡುತ್ತಾರೆ. ಮಕ್ಕಳ ಮುಖ ನೋಡಿದರೆ ಸಾಕು, ಹೊಟ್ಟೆಯೊಳಗೆ ಏನಿದೆಯೆಂದು ಹೇಳಿಬಿಡುತ್ತೇನೆ ಎಂದು ಜಂಬ ಕೊಚ್ಚುತ್ತಿದ್ದೆ. ಆ ಜಂಬ ಈಗ ಇಲ್ಲ. ನಮ್ಮ ವನೆಸ್ಸಾಳ ಹೊಟ್ಟೆಯೊಳಗೆ ಇದ್ದದ್ದು ನನಗೆ ಕಾಣಲಿಲ್ಲ. ಕಾಣದಿದ್ದದ್ದು ಸಾಯಲಿ, ಅದನ್ನು ಅಲ್ಲಿ ಹಾಕಿದವಳೇ ನಾನು.

ನನ್ನ ಅಣ್ಣ ಅಲೆಕ್ಸಾಂಡರನ ಮನೆ ಕಟಪಾಡಿಯಿಂದ ಒಳಗೆ, ಹೊಳೆಯ ಬದಿಗೆ. ಅಂಗಳದ ಆಚೆ ಐವತ್ತು ಮಲ್ಲಿಗೆ ಗಿಡ, ಗಿಡಗಳ ಕೊನೆಗೆ ಬಾವಿ, ಬಾವಿಯ ಹತ್ತಿರ ಪಂಪಿನ ಶೆಡ್ಡು. ಅತ್ತಿಗೆ ತೀರಿಕೊಂಡು ಬಹಳ ವರ್ಷಗಳಾದವು. ಮಗ ಡೀನ್ ಕುವೈಟಿನಲ್ಲಿ. ಮನೆಯಲ್ಲಿ ಅಣ್ಣ, ಸೊಸೆ ಗ್ಲೋರಿಯಾ, ಮೊಮ್ಮಗಳು ವನೆಸ್ಸಾ, ಮೂರೇ ಜನ. ಮದುವೆಯಾಗದ ನನಗೆ ಇರುವ ಸಂಸಾರವೂ ಅದೇ. ತಿಂಗಳಿಗೊಮ್ಮೆ ಕಾರ್ಕಳದಿಂದ ಬಸ್ಸು ಹತ್ತಿ ಹೋಗಿ ಎರಡು ದಿನ ಇದ್ದು, ಎಲ್ಲರನ್ನೂ ಒಂದು ಸುತ್ತು ಬೈದು ಬರುತ್ತಿದ್ದೆ.

ಜುಲೈಯ ಒಂದು ಭಾನುವಾರ ಹಾಗೇ ಹೋಗಿದ್ದೆ. ಸಂಜೆ ಏಳಕ್ಕೆ ತೇರ್ಸ್, ಅಂದರೆ ಜಪಮಾಲೆ. ನಮ್ಮ ಮನೆಯಲ್ಲಿ ಒಂದು ಕ್ರಮ ಉಂಟು: ತೇರ್ಸ್ ಮುಗಿದ ಮೇಲೆ ಅವರವರಿಗೆ ಬೇಕಾದದ್ದನ್ನು ಗಟ್ಟಿಯಾಗಿ ಹೇಳಿ ಬೇಡಬೇಕು, ಉಳಿದವರು ಆಮೆನ್ ಎನ್ನಬೇಕು. ಅಣ್ಣ ಮಗನ ಆರೋಗ್ಯ ಬೇಡಿದ, ಗ್ಲೋರಿಯಾ ಮಲ್ಲಿಗೆಗೆ ರೋಗ ಬಾರದಿರಲಿ ಎಂದಳು. ಕೊನೆಗೆ ಮೂರನೇ ಕ್ಲಾಸಿನ ವನೆಸ್ಸಾ ಕಣ್ಣು ಬಿಗಿಯಾಗಿ ಮುಚ್ಚಿಕೊಂಡು, ನಾಳೆ ಜೋರು ಮಳೆ ಬರಲಿ, ಡಿಸಿ ರಜೆ ಕೊಡಲಿ ಎಂದು ಬೇಡಿತು. ಮರುದಿನ ಹಿಂದಿ ಟೆಸ್ಟ್ ಇತ್ತು.

ನಮ್ಮ ಜಿಲ್ಲೆಯ ಮಕ್ಕಳಿಗೆ ಮುಖ್ಯಮಂತ್ರಿಯ ಹೆಸರು ಗೊತ್ತಿಲ್ಲದಿದ್ದರೂ ಜಿಲ್ಲಾಧಿಕಾರಿ ಮಾತ್ರ ಚೆನ್ನಾಗಿ ಗೊತ್ತು. ಮಳೆಗಾಲದಲ್ಲಿ ಸಂಜೆಯಾದರೆ ಸಾಕು, ರಜೆ ಘೋಷಣೆ ಬಂತಾ ಎಂದು ಅಮ್ಮಂದಿರ ಮೊಬೈಲಿಗೆ ಮುತ್ತಿಗೆ. ಮಕ್ಕಳೇನು, ನಾವು ಟೀಚರುಗಳೂ ಕಾಯುತ್ತಿದ್ದೆವು, ಸುಳ್ಳು ಯಾಕೆ ಹೇಳಲಿ. ಗ್ಲೋರಿಯಾ, ದೇವರ ಎದುರು ಅದೆಂತ ಮಾತು ಎಂದು ಗದರಿದಳು. ನನಗೆ ನಗು ತಡೆಯಲಿಲ್ಲ. ತಮಾಷೆಗೆ ಮಗುವಿನ ಕಿವಿ ಹಿಂಡಿ ಹೇಳಿದೆ:

“ಹಾಗೆ ಅರ್ಧಂಬರ್ಧ ಬೇಡಿದರೆ ಆಗುವುದಿಲ್ಲ. ಮೊಣಕಾಲೂರಿ ಮೂರು ನಮಾನ್ ಮರಿಯೆ ಹೇಳು. ಮಕ್ಕಳು ಬೇಡಿದ್ದನ್ನು ದೇವರು ಎಲ್ಲರಿಗಿಂತ ಮೊದಲು ಕೇಳ್ತಾನೆ.”

ಮಗು ಮೊಣಕಾಲೂರಿತು. ಅಣ್ಣನಿಗೆ ಮೊಮ್ಮಗಳೆಂದರೆ ಜೀವ. ಮಂಡಿನೋವು ಲೆಕ್ಕಿಸದೆ ಅವನೂ ಪಕ್ಕದಲ್ಲಿ ಮೊಣಕಾಲೂರಿ ಉತ್ತರದ ಭಾಗ ಹೇಳಿದ. ಮೂರು ನಮಾನ್ ಮರಿಯೆ ಪ್ರಾರ್ಥನೆ ಮುಗಿದ ಮೇಲೆ ಅವಳು ಕ್ರಮದಂತೆ ಕೈಮುಗಿದು ಹಿರಿಯರೆಲ್ಲರ ಆಶೀರ್ವಾದ ತೆಗೆದುಕೊಂಡಳು. ಎಂಟೂವರೆಗೆ ಮೆಸೇಜು ಬಂತು: ರೆಡ್ ಅಲರ್ಟ್, ನಾಳೆ ರಜೆ. ವನೆಸ್ಸಾ ಚಾವಡಿಯಿಡೀ ಕುಣಿಯಿತು. ಕಂಡೆಯಾ ನಿನ್ನ ಆಂಟಿ ಹೇಳಿದ್ದು ಎಂದು ನಾನೂ ಬೀಗಿದೆ.

ಬೆಳಿಗ್ಗೆ ಆರಕ್ಕೆ ಎದ್ದಾಗ ಅಂಗಳದಲ್ಲಿ ನೀರು. ಮಳೆಗಾಲದಲ್ಲಿ ಒಮ್ಮೆ ಅಂಗಳಕ್ಕೆ ಹೊಳೆ ಬಂದು ಹೋಗುವುದು ಆ ಮನೆಗೆ ಹೊಸತಲ್ಲ. ನಾನು ಅಡುಗೆಮನೆಯಲ್ಲಿ ಅಕ್ಕಿಯ ಡಬ್ಬಗಳನ್ನು ಮೇಲೆ ಇಡುತ್ತಿದ್ದೆ. ಅಣ್ಣ ಪಂಚೆ ಎತ್ತಿ ಕಟ್ಟಿ, ಪಂಪು ಬಿಚ್ಚಿ ತರುತ್ತೇನೆ ಎಂದು ಇಳಿದ. ಹೋಗಬೇಡ ಎಂದು ನಾನು ಹೇಳಲಿಲ್ಲ, ಯಾರೂ ಹೇಳಲಿಲ್ಲ. ಅವನು ಶೆಡ್ಡಿನ ಬಳಿ ತಲುಪುವಾಗ ಹೊಳೆಯ ಕಡೆಯ ಕೆಂಪುಕಲ್ಲಿನ ಕಂಪೌಂಡು ಒಮ್ಮೆಲೇ ಕುಸಿಯಿತು. ಗ್ಲೋರಿಯಾ ಚೀರಿದ್ದು ಕೇಳಿ ನಾನು ಹೊರಗೆ ಓಡಿ ಬರುವಾಗ ಮಲ್ಲಿಗೆ ಗಿಡಗಳೂ ಇರಲಿಲ್ಲ, ಶೆಡ್ಡೂ ಇರಲಿಲ್ಲ, ಅಣ್ಣನೂ ಇರಲಿಲ್ಲ. ಜಗಲಿಯ ಕಂಬ ಹಿಡಿದು ನಿಂತಿದ್ದ ವನೆಸ್ಸಾ ಎಲ್ಲವನ್ನೂ ನೋಡಿತ್ತು. ಮಾರನೆಯ ದಿನ ಮಧ್ಯಾಹ್ನ ದೋಣಿಯವರಿಗೆ ಅಣ್ಣ ಸಿಕ್ಕಿದ, ಮೂರು ಮೈಲಿ ಕೆಳಗೆ, ಕೆಸರಿನಲ್ಲಿ. ಪಾದ್ರಿಗಳಿಲ್ಲ, ಪಾಪನಿವೇದನೆಯಿಲ್ಲ, ಸಾಯುವವರಿಗೆ ಪವಿತ್ರ ಎಣ್ಣೆ ಹಚ್ಚುವ ಕೊನೆಯ ಅಭ್ಯಂಗವಿಲ್ಲ. ಎಪ್ಪತ್ತು ವರ್ಷ ಒಂದು ಭಾನುವಾರದ ಪೂಜೆಯನ್ನೂ ತಪ್ಪಿಸದವನು ಹಾಗೆ ಹೋದ. ಹಾಗೆ ಹೋದ ಆತ್ಮಕ್ಕೆ ಉಳಿದವರ ಪ್ರಾರ್ಥನೆಯೇ ಗತಿ ಎಂದು ನಮ್ಮ ನಂಬಿಕೆ.

ಡೀನ್ ಬಂದು ಇಪ್ಪತ್ತು ದಿನ ಇದ್ದು ಮರಳಿದ. ಮನೆಯ ಗೋಡೆಗಳು ಒಡೆದಿದ್ದವು. ತಾಯಿ ಮಗಳನ್ನು ನಾನು ಕಾರ್ಕಳಕ್ಕೆ ಕರೆತಂದೆ. ನಮ್ಮಲ್ಲಿ ಹೊಳೆಯ ಭಯವಿಲ್ಲ, ಕಾಲಡಿಯೆಲ್ಲ ಬಂಡೆ. ನನ್ನ ಹಳೆಯ ಶಾಲೆಗೇ ವನೆಸ್ಸಾಳನ್ನು ಸೇರಿಸಿದೆ.

ಇನ್ನು ಹೇಳುವುದು ನನ್ನ ದಡ್ಡತನದ ಕಥೆ. ಮಗು ಅಳಲಿಲ್ಲ. ಮೊದಲೆಲ್ಲ ತೇರ್ಸಿನ ನಡುವೆ ತೂಕಡಿಸುತ್ತಿದ್ದವಳು, ಈಗ ಆರೂವರೆಗೇ ದೇವರ ಪೀಠದ ಎದುರು ಮೊಣಕಾಲೂರಿ ಕಾಯುತ್ತಿದ್ದಳು. ಬೆಳಿಗ್ಗೆ ಐದಕ್ಕೆ ಎದ್ದು ಒಬ್ಬಳೇ ಪ್ರಾರ್ಥಿಸುವಳು. ತಟ್ಟೆಗೆ ಹಾಕಿದ್ದನ್ನು ಮಾತಿಲ್ಲದೆ ಉಣ್ಣುವಳು. ಹಟವಿಲ್ಲ, ಟೀವಿ ಇಲ್ಲ, ಆಟವಿಲ್ಲ. ಅಣ್ಣನ ಆತ್ಮಕ್ಕಾಗಿ ದಿನಾ ಕೊನೆಯಲ್ಲಿ ಬೇಡುವ ಪ್ರಾರ್ಥನೆಯನ್ನು ತಾನೇ ಹೇಳುವಳು. ತನಗಾಗಿ ಏನನ್ನೂ ಬೇಡಳು. ಆಗಸ್ಟಿನಲ್ಲಿ ಮತ್ತೆ ಎರಡು ದಿನ ಡಿಸಿ ರಜೆ ಕೊಟ್ಟರು. ಎರಡು ದಿನವೂ ವನೆಸ್ಸಾ ಯೂನಿಫಾರ್ಮ್ ಹಾಕಿ, ಬ್ಯಾಗ್ ಹೊತ್ತು, ಮಳೆಯಲ್ಲೇ ಶಾಲೆಗೆ ಹೋಗಿ ಮುಚ್ಚಿದ ಬಾಗಿಲಿನ ಎದುರು ಸಂಜೆಯವರೆಗೆ ಕೂತಳು. ಕರೆದರೆ ಬರಲಿಲ್ಲ. ಶಾಲೆಯ ಜವಾನ ಉಮಾನಾಥ ತನ್ನ ಊಟದಲ್ಲಿ ಪಾಲು ಕೊಟ್ಟನಂತೆ.

ನಾನು ಏನು ಮಾಡಿದೆ? ಊರೆಲ್ಲ ಹೊಗಳಿಕೊಂಡು ಬಂದೆ. ದುಃಖ ಮಗುವಿಗೆ ಬುದ್ಧಿ ಕಲಿಸಿದೆ, ಇಂಥ ಭಕ್ತಿ ನಾನು ನನ್ನ ಸರ್ವೀಸಿನಲ್ಲೇ ಕಂಡಿಲ್ಲ ಎಂದೆ. ಸಂತಿಣಿ, ಅಂದರೆ ಸಂತಳು, ಎಂದು ಅವಳನ್ನೇ ಛೇಡಿಸಿದೆ. ಹಾಸಿಗೆ ಒದ್ದೆಯಾಗುತ್ತಿದೆ ಎಂದು ಗ್ಲೋರಿಯಾ ಹೇಳಿದಾಗ, ಮಳೆಗಾಲದ ಥಂಡಿ, ಮಲಗುವ ಮೊದಲು ನೀರು ಕೊಡಬೇಡ ಎಂದೆ. ರಕ್ತ ಬರುವವರೆಗೆ ಉಗುರು ಕಚ್ಚುತ್ತಿದ್ದಾಳೆಂದಾಗ ಬೆರಳಿಗೆ ಹಾಗಲಕಾಯಿಯ ರಸ ಸವರಿದೆ. ಒಂದು ದಿನ ಅವಳು, ತನಗೆ ಪಾಪನಿವೇದನೆ ಯಾವಾಗ ಮಾಡಲಿಕ್ಕೆ ಆಗುತ್ತದೆ ಎಂದು ಕೇಳಿದಳು. ಮೊದಲ ಪರಮಪ್ರಸಾದ ಸಿಗುವಾಗ, ಇನ್ನೂ ಒಂದು ವರ್ಷ ಉಂಟು ಎಂದೆ. ಅದಕ್ಕಿಂತ ಮೊದಲು ಆಗುವುದೇ ಇಲ್ವಾ ಎಂದಳು. ನಿನ್ನಂಥವಳಿಗೆ ಎಂತ ಪಾಪ, ಪೆನ್ಸಿಲ್ ಕದ್ದೆಯಾ ಎಂದು ನಕ್ಕೆ. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ಮೂವತ್ತೆರಡು ವರ್ಷ ಕರಿಹಲಗೆಯ ಮೇಲೆ ಬರೆದವಳು ನಾನು.

ನನ್ನ ಹೊಗಳಿಕೆ ಪಕ್ಕದ ಮನೆಯ ಜೋಸ್ಲಿನ್‌ಳ ಕಿವಿಗೂ ಬಿತ್ತು. ಅವಳ ಮಗಳು ನರ್ಸ್. ಐರ್ಲೆಂಡಿನ ವೀಸಾ ಎಂಟು ತಿಂಗಳಿನಿಂದ ಸಿಕ್ಕಿಹಾಕಿಕೊಂಡಿತ್ತು. ಒಂಬತ್ತು ದಿನದ ನೊವೆನಾ ಪ್ರಾರ್ಥನೆ ಎಷ್ಟು ಮಾಡಿದರೂ ಆಗುತ್ತಿಲ್ಲ, ನಿಮ್ಮ ಮಗುವಿನ ಹತ್ತಿರ ಒಂದು ಪ್ರಾರ್ಥನೆ ಹೇಳಿಸಿ ಟೀಚರ್, ಎಂದು ಬಂದಳು. ನಾನು ವನೆಸ್ಸಾಳನ್ನು ಕರೆದೆ. ವಿಷಯ ಕೇಳಿದ್ದೇ ಮಗು ಓಡಿಹೋಗಿ ಬಚ್ಚಲಿನ ಚಿಲಕ ಹಾಕಿಕೊಂಡಿತು. ನೆರೆಯವಳ ಎದುರು ನನಗೆ ಅವಮಾನವಾದಂತಾಯಿತು. ಬಾಗಿಲು ಬಡಿದು ಚಿಲಕ ತೆಗೆಸಿದೆ. ಹೊರಗೆ ಎಳೆದು ತಂದೆ. ಒಬ್ಬರಿಗೆ ಉಪಕಾರವಾಗುವುದಾದರೆ ನಿನ್ನ ಗಂಟೇನು ಹೋಗುತ್ತದೆ ಎಂದು ಬೈದೆ. ಭುಜ ಒತ್ತಿ ಮೊಣಕಾಲೂರಿಸಿದೆ. ಮಗು ಗಡಗಡ ನಡುಗುತ್ತಾ ಜೋಸ್ಲಿನ್ ಹೇಳಿಕೊಟ್ಟದ್ದನ್ನು ಹೇಳಿತು. ಆ ನಡುಕವನ್ನೂ ನಾನು ಹಟವೆಂದೇ ತಿಳಿದೆ. ಆ ಕೈ ಈ ಕೈಯೇ. ಕತ್ತರಿಸಿ ಎಸೆಯಲೂ ಆಗುವುದಿಲ್ಲ.

ಹದಿನೈದು ದಿನದಲ್ಲಿ ವೀಸಾ ಬಂತು.

ಜೋಸ್ಲಿನ್ ಕಾರ್ಕಳ ಪೇಟೆಯಿಂದ ಒಂದು ಕಿಲೋ ಸ್ವೀಟ್ ತಂದಳು. ಮೊದಲನೆಯ ತುಂಡು ವನೆಸ್ಸಾಳ ಬಾಯಿಗೇ ಹಾಕಿ, ನೀನು ಬೇಡಿದ್ದೇ ಬೇಡಿದ್ದು, ದೇವರು ಕೊಟ್ಟುಬಿಟ್ಟ ನೋಡು ಮಗಾ, ಎಂದು ಗಲ್ಲ ಸವರಿದಳು. ನಾನೂ ಹೌದೆಂದು ತಲೆಯಾಡಿಸಿದೆ. ಮಗು ಅಲ್ಲೇ ಕಕ್ಕಿತು. ಹೊಟ್ಟೆಯಲ್ಲಿ ಏನೂ ಉಳಿಯದ ಮೇಲೂ ಕಕ್ಕುತ್ತಲೇ ಇತ್ತು. ಅಂದಿನಿಂದ ಮಾತು ನಿಂತಿತು. ಅಮ್ಮನ ಹತ್ತಿರವೂ ಇಲ್ಲ, ದೇವರ ಹತ್ತಿರವೂ ಇಲ್ಲ. ತೇರ್ಸ್ ಶುರುವಾದರೆ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು ಕೂರುವಳು. ಆರನೆಯ ದಿನ ಗ್ಲೋರಿಯಾ ನನ್ನ ಎದುರು ನಿಂತು, ಮದುವೆಯಾಗಿ ಬಂದ ಹತ್ತು ವರ್ಷದಲ್ಲಿ ಮೊದಲ ಸಲ ಸ್ವರ ಎತ್ತಿದಳು. “ನಿಮ್ಮ ಮದ್ದು ಸಾಕು ಆಂಟಿ. ನಾಳೆ ನಾನು ಮಣಿಪಾಲಕ್ಕೆ ಕರೆದುಕೊಂಡು ಹೋಗುವುದೇ.”

ನಾನೂ ಹಿಂದೆ ಹೋದೆ, ಬಾಲದ ಹಾಗೆ. ಅಲ್ಲಿನ ಆಸ್ಪತ್ರೆಯಲ್ಲಿ ಮಕ್ಕಳ ಮನಸ್ಸಿನ ಕಾಯಿಲೆ ನೋಡುವವಳು ಡಾಕ್ಟರ್ ಪ್ರಣೀತಾ ಎಂಬ ಹುಡುಗಿ. ನನ್ನ ಶಿಷ್ಯರಿಗಿಂತಲೂ ಚಿಕ್ಕವಳು. ನೆಲದ ಮೇಲೆ ಚಾಪೆ ಹಾಸಿ ಮಗುವಿನ ಜೊತೆ ಕೂತು ಚಿತ್ರ ಬಿಡಿಸಿದಳು, ಗೊಂಬೆ ಇಟ್ಟಳು. ಎರಡು ಸಲ ಏನೂ ಆಗಲಿಲ್ಲ. ಮೂರನೆಯ ಸಲ ಒಂದು ಗಂಟೆ ಕಾಲ ನಮ್ಮನ್ನು ಹೊರಗೆ ಕೂರಿಸಿದ್ದಳು. ಮತ್ತೆ ಕರೆದು, ವನೆಸ್ಸಾ ನಿಮಗೆ ಒಂದು ವಿಷಯ ಹೇಳಬೇಕಂತೆ, ನಡುವೆ ಮಾತಾಡಬೇಡಿ ಎಂದಳು. ಕೊನೆಯ ಮಾತನ್ನು ನನ್ನ ಮುಖ ನೋಡಿಯೇ ಹೇಳಿದಳು.

ಮಗು ಚಾಪೆಯ ಅಂಚು ಕೀಳುತ್ತಾ ಹೇಳಿತು:

“ಮಳೆ ಕೇಳಿದ್ದು ನಾನು. ಎಷ್ಟು ಬೇಕು ಅಂತ ಹೇಳಲಿಕ್ಕೆ ಮರೆತುಹೋಯಿತು. ಹಾಗೆ ಅದು ನಿಲ್ಲಲಿಲ್ಲ.”

ಗ್ಲೋರಿಯಾ ಸೆರಗು ಬಾಯಿಗೆ ತುರುಕಿಕೊಂಡಳು. ಉಳಿದದ್ದನ್ನು ಡಾಕ್ಟರ್ ಹೇಳಿದಳು. ತಾನು ಬೇಡಿದ ರಜೆಗೆ ಬದಲಾಗಿ ದೇವರು ಆಬ್‌ನನ್ನು ತೆಗೆದುಕೊಂಡ ಎಂದು ಮಗು ನಂಬಿದೆ. ಅಜ್ಜನನ್ನು ಅದು ಆಬ್ ಎಂದೇ ಕರೆಯುತ್ತಿತ್ತು. ಇನ್ನೊಂದು ರಜೆ ಅನುಭವಿಸಿದರೆ ಇನ್ನೊಬ್ಬರು ಹೋಗುತ್ತಾರೆಂದು ಶಾಲೆಯ ಬಾಗಿಲಿಗೆ ಹೋಗಿ ಕೂತದ್ದು. ಇನ್ನೊಂದು ಬೇಡಿದರೆ ಯಾರ ಸರದಿಯೋ ಎಂದು ವೀಸಾದ ಪ್ರಾರ್ಥನೆಗೆ ಹೆದರಿದ್ದು. ಆ ವೀಸಾ ಬಂದ ದಿನ ಅವಳಿಗೆ ಸಾಕ್ಷಿ ಸಿಕ್ಕಿಬಿಟ್ಟಿತು. ಈಗ ತನ್ನ ಬಾಯಿಂದ ಏನೂ ಹೊರಡಬಾರದೆಂದು ಬಾಯಿ ಮುಚ್ಚಿಕೊಂಡಿದೆ. ದೊಡ್ಡ ನೆರೆ, ಭೂಕುಸಿತ ಆದ ಕಡೆಗಳಲ್ಲೆಲ್ಲ ಇಂಥ ಮಕ್ಕಳು ಸಿಗುತ್ತಾರೆ, ತಪ್ಪನ್ನು ತಮ್ಮ ಮೇಲೆ ಎಳೆದುಕೊಂಡವರು, ಎಂದಳು. ಗುಣವಾಗುತ್ತದೆಯಾ ಎಂದು ಕೇಳಿದೆ. ತಿಂಗಳುಗಟ್ಟಲೆ ಹಿಡಿಯಬಹುದು, ನೀವು ಸಹಾಯ ಮಾಡಿದರೆ ಆಗುತ್ತದೆ ಎಂದಳು. ಒಂದೇ ಒಂದು ಷರತ್ತು: ಮಗು ಯಾವಾಗ ಕೇಳಿದರೂ ಮನೆಯವರೆಲ್ಲ ಒಂದೇ ಉತ್ತರ ಹೇಳಬೇಕು. ಯಾರು ಬೇಡಿದ್ದಕ್ಕೂ ಮಳೆ ಬರುವುದಿಲ್ಲ, ಬೇಡುವುದರಿಂದ ಯಾರೂ ಸಾಯುವುದಿಲ್ಲ. ಅದರಲ್ಲಿ ಎರಡು ಮಾತು ಬರಬಾರದು. ಕಾಪಿ ಬರೆಯುವ ಮಗುವಿನ ಹಾಗೆ ನಾನು ಅದನ್ನು ಮೂರು ಸಲ ಹೇಳಿ ಒಪ್ಪಿಸಿದೆ.

ಮಾತೇನೋ ಸ್ವಲ್ಪ ಸ್ವಲ್ಪ ಮರಳಿತು. ಆದರೆ ಅದು ಮಗುವಿನ ಮಾತಾಗಿರಲಿಲ್ಲ. ನೀರು ಬೇಕು, ಪುಸ್ತಕ ಬೇಕು, ಸಾಕು, ಅಷ್ಟೇ. ನನ್ನ ತಪ್ಪು, ನಾನು ತಮಾಷೆಗೆ ಹೇಳಿದ್ದು ಎಂದು ಅವಳ ಎರಡೂ ಕೈ ಹಿಡಿದು ಅತ್ತೆ. ಅವಳು ನನ್ನ ಕನ್ನಡಕ ತೆಗೆದು ಒರೆಸಿ ಕೊಟ್ಟಳು. ಇಗರ್ಜಿಯ ಫಾದರ್ ಮನೆಗೆ ಬಂದು, ದೇವರು ಮಕ್ಕಳಿಗೆ ಹಾಗೆಲ್ಲ ಮಾಡುವವನಲ್ಲ ಎಂದು ಪ್ರೀತಿಯಿಂದ ಹೇಳಿದರು. ಅವಳು ಹೌದು ಫಾದರ್ ಎಂದಳು. ಆ ಹೌದಿನ ಬೆಲೆ ನನಗೆ ಗೊತ್ತು. ತರಗತಿಯಲ್ಲಿ ಏನೂ ಅರ್ಥವಾಗದ ಮಕ್ಕಳು ಬೇಗ ಬಿಟ್ಟುಬಿಡಲಿ ಎಂದು ಹೇಳುವ ಹೌದು ಅದು.

ಅಕ್ಟೋಬರಿನ ಕೊನೆಗೆ ಅರಬ್ಬಿ ಸಮುದ್ರದಲ್ಲಿ ವಾಯುಭಾರ ಕುಸಿತ ಎಂದು ಟೀವಿಯಲ್ಲಿ ಹೇಳುತ್ತಿದ್ದರು. ಮೊನ್ನೆ ಸಂಜೆ ಆರು ಗಂಟೆಗೆ ಜೋರು ಮಳೆ ಹಿಡಿಯಿತು. ಗ್ಲೋರಿಯಾ ಅಡುಗೆಮನೆಯಲ್ಲಿದ್ದಳು. ನಾನು ಜಗಲಿಯ ಬೆಂಚಿನಲ್ಲಿ ಕೂತಿದ್ದೆ. ಮಳೆ ಬಂದರೆ ಮಂಚದ ಕೆಳಗೆ ಸೇರುವ ವನೆಸ್ಸಾ, ಅವತ್ತು ಹೊರಗೆ ಬಂದು ನನ್ನ ಪಕ್ಕದಲ್ಲಿ ಕೂತಳು.

ಈ ಮಳೆಯನ್ನು ಯಾರು ಕೇಳಿದ್ದು ಎಂದಳು. ಯಾರೂ ಕೇಳಲಿಲ್ಲ, ಸಮುದ್ರದಲ್ಲಿ ಮೋಡ ಕಟ್ಟಿತು, ಬಂತು ಎಂದೆ. ಜುಲೈಯದ್ದು? ಅದೂ ಹಾಗೆಯೇ. ನೀನು ಬೇಡದಿದ್ದರೂ ಬರುತ್ತಿತ್ತು, ನಿನ್ನ ಪ್ರಾರ್ಥನೆಗೆ ಮೊದಲೇ ರೆಡ್ ಅಲರ್ಟ್ ಆಗಿತ್ತು ಎಂದೆ.

“ಜೋಸ್ಲಿನ್ ಆಂಟಿಯ ವೀಸಾ?”

“ಕಾಗದ ಪತ್ರ ಸರಿಯಾಯಿತು, ಬಂತು. ನೀನು ಬೇಡಿದ್ದಕ್ಕೆ ಅಲ್ಲ.”

“ಹಾಗಾದರೆ ದೇವರಿಗೆ ನಾನು ಹೇಳಿದ್ದು ಕೇಳಿಸಲೇ ಇಲ್ಲ ಅಲ್ವಾ?”

ಧರ್ಮಪಾಠದ ಟೀಚರು ನಾನು. ನಾಲಿಗೆ ತುದಿಗೆ ಏನೇನೋ ಬಂತು. ಎಲ್ಲವನ್ನೂ ನುಂಗಿ, ಇಲ್ಲ ಮಗಾ, ಕೇಳಿಸಲಿಲ್ಲ ಎಂದೆ. ನನ್ನ ದೇವರು ನನ್ನನ್ನು ಕ್ಷಮಿಸಲಿ. ಆ ಮಾತಿಗೆ ಮಗುವಿನ ಮೈ ಹೇಗೆ ಸಡಿಲವಾಯಿತೆಂದರೆ, ಮೂರು ತಿಂಗಳು ಹೊತ್ತಿದ್ದನ್ನು ಯಾರೋ ಕೆಳಗಿಳಿಸಿದ ಹಾಗೆ. ನಿಧಾನವಾಗಿ ವಾಲಿ ನನ್ನ ಮಡಿಲಲ್ಲಿ ತಲೆಯಿಟ್ಟಳು. ದೊಡ್ಡದಾಗಿ ಒಂದು ಆಕಳಿಕೆ ತೆಗೆದಳು. ಅವಳು ಆಕಳಿಸಿದ್ದನ್ನು ಜುಲೈಯಿಂದ ನಾನು ನೋಡಿರಲಿಲ್ಲ. ಕೂದಲಲ್ಲಿ ಕೈಯಾಡಿಸುತ್ತಾ, ಗೆದ್ದೆವು, ನಾಳೆಯೇ ಡಾಕ್ಟರಿಗೆ ಫೋನ್ ಮಾಡಿ ಹೇಳಬೇಕು ಎಂದುಕೊಂಡೆ.

ಮಳೆ ಸುರಿಯುತ್ತಲೇ ಇತ್ತು. ನಿದ್ದೆ ಬಂತೋ ಏನೋ ಎಂದುಕೊಳ್ಳುವಷ್ಟರಲ್ಲಿ ಮಡಿಲಿನಿಂದಲೇ ಕೇಳಿದಳು.

“ಆಂಟಿ, ಆಬ್‌ಗೆ ಸ್ವರ್ಗ ಕೊಡು ಅಂತ ನಾವು ದಿನಾ ಬೇಡುತ್ತೇವಲ್ಲ. ಅದೂ ಕೇಳಿಸುವುದಿಲ್ವಾ?”

ಅತ್ತ ದರಿ, ಇತ್ತ ಪುಲಿ. ಒಂದು ‘ಇಲ್ಲ’ ಸಾಕಿತ್ತು. ಎರಡು ಮಾತು ಬರಬಾರದು ಎಂದು ಡಾಕ್ಟರ್ ಹೇಳಿದ್ದು ಕಿವಿಯಲ್ಲೇ ಇತ್ತು. ಆದರೆ ಕೆಸರಿನಿಂದ ಎತ್ತಿ ತಂದ ಅಣ್ಣನ ಮುಖ ಕಣ್ಣೆದುರು ಬಂತು. ಪಾಪನಿವೇದನೆಯಿಲ್ಲದೆ, ಅಭ್ಯಂಗವಿಲ್ಲದೆ ಹೋದವನು. ಅಪ್ಪ ಸತ್ತಾಗ ತನ್ನ ಓದು ಬಿಟ್ಟು ನನ್ನನ್ನು ಟೀಚರ್ ಟ್ರೈನಿಂಗಿಗೆ ಕಳಿಸಿದವನು. ಅವನಿಗೆಂದು ಈಗ ನಾನು ಕೊಡಬಹುದಾದದ್ದು ಸಂಜೆಯ ಆ ಒಂದು ಬೇಡಿಕೆ ಮಾತ್ರ. ಅದೂ ಗಾಳಿಗೆ ಹೋಗುತ್ತದೆ ಎನ್ನಲು ನನ್ನಿಂದ ಆಗಲಿಲ್ಲ. ಮಗುವಿನ ಮೇಲೆ ನನಗೆ ಪ್ರೀತಿಯಿಲ್ಲ ಎನ್ನಬೇಡಿ. ಆಗಲಿಲ್ಲ, ಅಷ್ಟೇ.

“ಅದು ಕೇಳಿಸುತ್ತದೆ” ಎಂದೆ.

ಮಡಿಲಿನಲ್ಲಿ ಅವಳ ಕುತ್ತಿಗೆ ಬಿಗಿಯಾದದ್ದು ನನ್ನ ಕೈಗೇ ತಿಳಿಯಿತು. ಕೂಡಲೇ ಏನೇನೋ ಒದರತೊಡಗಿದೆ. ಅದು ಬೇರೆ, ಇದು ಬೇರೆ, ಆತ್ಮದ ವಿಷಯ ಬೇರೆ, ಮಳೆಯ ವಿಷಯ ಬೇರೆ, ದೊಡ್ಡವಳಾದಾಗ ಗೊತ್ತಾಗುತ್ತದೆ ಎಂದೆ. ಅವಳು ಎದ್ದು ಕೂತು ನನ್ನ ಮುಖವನ್ನೇ ನೋಡಿದಳು. ಅಳಲಿಲ್ಲ. ನನ್ನ ಕೈ ಎರಡು ಸಲ ಸವರಿದಳು, ದೊಡ್ಡವರು ಸಣ್ಣವರನ್ನು ಸಮಾಧಾನ ಮಾಡುವ ಹಾಗೆ.

“ಆಬ್‌ಗೆ ಸ್ವರ್ಗ ಸಿಗಬೇಕಲ್ಲ ಆಂಟಿ. ದೇವರಿಗೆ ಕೇಳಿಸಲಿ. ಮಳೆ ನಾನೇ ಕೇಳಿದ್ದು ಅಂತಲೇ ಇರಲಿ, ಪರವಾಗಿಲ್ಲ.”

ಎಂಟು ವರ್ಷದ ಮಗು. ಒಳಗಿನಿಂದ ಗ್ಲೋರಿಯಾ ತೇರ್ಸ್‌ಗೆ ಹೊತ್ತಾಯಿತು ಎಂದು ಕರೆದಳು. ವನೆಸ್ಸಾ ಎದ್ದು, ಫ್ರಾಕ್ ಸರಿಮಾಡಿಕೊಂಡು ಒಳಗೆ ಹೋದಳು. ಸ್ವಲ್ಪ ಹೊತ್ತಿನ ಮೇಲೆ ನಾನೂ ಹೋದೆ.